ಪಟ್ಟಿ ಕಚ್ಚದ ಮಕ್ಕಳ ಪಟ್ಟಿ

ನಾನು ಕೆಲಸದಿಂದ ನಿವೃತ್ತಳಾದದ್ದು 2019ರ ಮಾರ್ಚಿನಲ್ಲಿ. ಅದೇ ಜೂನ್ ತಿಂಗಳ ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮಾತಾಡಿದವಳು ರಮ್ಯಾ. ನಮ್ಮ ಶಾಲೆಯಲ್ಲೇ ಓದಿ, ಬಿ.ಎಡ್. ಮುಗಿಸಿ, ಈಗ ಅಲ್ಲಿಗೇ ಕನ್ನಡ ಟೀಚರಾಗಿ ಬಂದವಳು. ಸೇರಿ ಆರು ದಿನ ಆಗಿತ್ತಷ್ಟೆ. ಹೊಸಬರು ಸಿಕ್ಕಿದರೆ ಬಿಡುವುದುಂಟೇ? ಶಾಲೆಯ ಕಂಪ್ಯೂಟರ್ ಕೆಲಸವನ್ನೂ ಅವಳ ಕೊರಳಿಗೇ ಕಟ್ಟಿದ್ದರು.

“ಟೀಚರೆ, ಮಕ್ಕಳ ಲೆಕ್ಕ ತುಂಬಿಸುವ ಪುಟದಲ್ಲಿ ‘ನಾಯಿಯ ಹೆಸರು’ ಅಂತ ಒಂದು ಕಾಲಂ ಉಂಟು. ಅದನ್ನು ತುಂಬಿಸದೆ ಮುಂದೆ ಹೋಗುವುದೇ ಇಲ್ಲ. ಇಲ್ಲಿ ಯಾರಿಗೂ ಎಂತದೂ ಗೊತ್ತಿಲ್ಲ. ಐದು ಗಂಟೆಗೆ ಪುಟ ಮುಚ್ಚುತ್ತದಂತೆ.”

ಉತ್ತರ ಹೇಳಲು ನನಗೆ ಅರ್ಧ ನಿಮಿಷ ಸಾಕಾಯಿತು. ಆದರೆ ಆ ಉತ್ತರ ತಯಾರಾಗಲು ಹದಿನೇಳು ವರ್ಷ ಹಿಡಿದಿತ್ತು. ಈಗ ಕೆಲಸಕ್ಕೆ ಸೇರುವ ಮಕ್ಕಳು ‘ಶಿಕ್ಷಣ ಸುಧಾರಣೆಯಲ್ಲಿ ತಂತ್ರಜ್ಞಾನದ ಪಾತ್ರ’ ಎಂಬ ಬ್ಯಾನರಿನ ಕೆಳಗೆ ಕೂತು ತರಬೇತಿ ಪಡೆಯುತ್ತಾರೆ. ನಾನೂ ಅಂಥ ಬ್ಯಾನರುಗಳ ಕೆಳಗೆ ಬೇಕಾದಷ್ಟು ಸಲ ಕೂತು ಉಪ್ಪಿಟ್ಟು ತಿಂದಿದ್ದೇನೆ. ಒಂದರಲ್ಲಿಯೂ ನಾಯಿಯ ವಿಷಯ ಬರಲಿಲ್ಲ. ಆದ್ದರಿಂದ ನಾನೇ ಬರೆದಿಡಬೇಕಾಗಿದೆ.

ಮೊದಲು ಆರನೇ ದಿನದ ವಿಷಯ ಹೇಳಬೇಕು. ನಮ್ಮಲ್ಲಿ ಜೂನಿನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ದಿನ ಎಷ್ಟು ತಲೆಯೋ ಅಷ್ಟು ಡಿವಿಜನ್, ಅಷ್ಟು ಟೀಚರು. ನಮ್ಮದು ಮಲಯಾಳ ರಾಜ್ಯದ ಕನ್ನಡ ಗಡಿನಾಡಿನಲ್ಲಿ, ಪೈವಳಿಕೆಯಿಂದ ಗುಡ್ಡ ಹತ್ತಿದರೆ ಸಿಗುವ ಒಂದು ಹೈಸ್ಕೂಲು. ಮಲಯಾಳ ವಿಭಾಗ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿತ್ತು, ಕನ್ನಡ ವಿಭಾಗ ಸವೆಯುತ್ತಿತ್ತು. ಎಂಟನೇ ಕ್ಲಾಸಿನ ಕನ್ನಡ ಡಿವಿಜನಿಗೆ ಮೂವತ್ತೊಂದು ತಲೆ ಇದ್ದರೆ ಅದು ಉಳಿಯುತ್ತದೆ, ಮೂವತ್ತಾದರೆ ಹೋಗುತ್ತದೆ ಎಂಬುದು ನಮ್ಮ ಶಾಲೆಯ ಲೆಕ್ಕಾಚಾರವಾಗಿತ್ತು. ಹೋದರೆ ಆ ಮಕ್ಕಳು ಮಲಯಾಳ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಮಿಕಿಮಿಕಿ ನೋಡಬೇಕು, ಕನ್ನಡ ಟೀಚರು ಮನೆಗೆ ನಡೆಯಬೇಕು. ಹತ್ತನೇ ಕ್ಲಾಸಿನ ಪರೀಕ್ಷೆಗಿಂತ ನಮಗೆ ಆರನೇ ದಿನದ ಹೆದರಿಕೆ ಹೆಚ್ಚು.

ಇನ್ನು ನನ್ನ ವಿಷಯ. ನನ್ನ ಹೆಸರು ಸಿಸಿಲಿಯಾ. ನಾನು ಕಂಪ್ಯೂಟರ್ ಕಲಿತವಳಲ್ಲ, ಹೊಲಿಗೆ ಟೀಚರು. ಲಂಗದ ನೆರಿಗೆ, ಬಟನಿನ ತೂತು, ಕೈಚೀಲ, ಇವು ನನ್ನ ಪಾಠಗಳು. 2002ರಲ್ಲಿ ಸರಕಾರದಿಂದ ನಮ್ಮ ಶಾಲೆಗೆ ಐದು ಕಂಪ್ಯೂಟರ್ ಬಂತು. ಆಗಿನ ಹೆಡ್ಮಾಷ್ಟ್ರು ಐತಪ್ಪ ಎಂಬವರು. ಒಳ್ಳೆಯ ಮನುಷ್ಯರು, ಆದರೆ ಬೀಗ ಮತ್ತು ಬೀಗದ ಕೈ ಬಿಟ್ಟು ಜಗತ್ತಿನಲ್ಲಿ ಬೇರೆ ಯಾವುದನ್ನೂ ನಂಬದವರು. ಶಾಲೆಯಲ್ಲಿ ಸರಿಯಾಗಿ ಬೀಗ ಬೀಳುವ ಕೋಣೆ ಹೊಲಿಗೆ ಕೋಣೆ ಒಂದೇ ಆಗಿತ್ತು. ಐದು ಪೆಟ್ಟಿಗೆಗಳನ್ನೂ ಕಾಲಿನಿಂದ ತುಳಿಯುವ ನನ್ನ ಮೂರು ಹೊಲಿಗೆ ಮಿಷನುಗಳ ಪಕ್ಕದಲ್ಲಿ ಇಳಿಸಿದರು. ಕಾಗದದಲ್ಲಿ ಫಿಸಿಕ್ಸ್ ಮಾಷ್ಟ್ರ ಹೆಸರು ಬರೆದರೂ ಕೈಯಲ್ಲಿ ಕೀ ಕೊಟ್ಟದ್ದು ನನಗೆ. ನನಗೆ ಇದೆಲ್ಲ ಬರುವುದಿಲ್ಲ ಎಂದೆ.

“ಅದೂ ಮಿಷನ್, ಇದೂ ಮಿಷನ್. ಬರದೆ ಎಂತ?” ಎಂದರು ಐತಪ್ಪ ಮಾಷ್ಟ್ರು.

ತರಬೇತಿಗೂ ನನ್ನನ್ನೇ ಕಳಿಸಿದರು. ಮೊದಲ ದಿನ ಒಂದು ಸಾಲಿನಲ್ಲಿ ಹತ್ತು ಮಂದಿ ಕೂತು, ಮೂರು ಗಂಟೆ ಹೊತ್ತು ಒದ್ದಾಡಿ, ಒಂದೊಂದು ಪುಟ ಟೈಪ್ ಮಾಡಿದೆವು. ಕೆಲಸ ಮುಗಿಯುತ್ತಾ ಬಂದಾಗ ನನಗೆ ಹುರುಪು ಬಂತು. ಹುರುಪು ಬಂದರೆ ನನ್ನ ಬಲಗಾಲು ತನ್ನಿಂದ ತಾನೇ ಪೆಡಲ್ ಹುಡುಕುತ್ತದೆ. ಮೇಜಿನ ಕೆಳಗೆ ಏನೋ ಪೆಟ್ಟಿಗೆಯಂಥದು ಸಿಕ್ಕಿತು, ಅದರ ಮೇಲೊಂದು ಗುಂಡಿ. ಒತ್ತಿದೆ. ಇಡೀ ಸಾಲು ಕಪ್ಪಾಯಿತು. ಅದು ಎಲ್ಲ ಹತ್ತು ಕಂಪ್ಯೂಟರಿಗೂ ಕರೆಂಟು ಕೊಡುವ ಯು.ಪಿ.ಎಸ್. ಎಂದು ಆಮೇಲೆ ತಿಳಿಯಿತು. ಮಧ್ಯ ವಯಸ್ಸಿನ ಒಬ್ಬ ಗಣಿತದ ಮಾಷ್ಟ್ರು ಅತ್ತೇಬಿಟ್ಟರು. ಯಾರು ಮಾಡಿದ್ದು ಎಂದು ತರಬೇತುದಾರರು ಕೇಳಿದಾಗ ನಾನೂ ಉಳಿದವರ ಜೊತೆ ಸೇರಿ ಅಕ್ಕಪಕ್ಕ ನೋಡಿದೆ. ಇವತ್ತು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಮೊದಲ ಎರಡು ವರ್ಷ ನಮ್ಮ ಕಂಪ್ಯೂಟರುಗಳಿಗೆ ಕೆಲಸ ಇರಲಿಲ್ಲ. ಧೂಳು ಹಿಡಿಯಬಾರದೆಂದು ಐತಪ್ಪ ಮಾಷ್ಟ್ರು ಕವರ್ ಹೊಲಿಯಲು ಹೇಳಿದರು. ಇದಾದರೆ ನನಗೆ ಬರುವ ಕೆಲಸ. ನೀಲಿ ಬಟ್ಟೆ, ಬಿಳಿ ಅಂಚು, ಕೆಳಗೆ ಎರಡು ಸುತ್ತು ನೆರಿಗೆ. ಮದುವೆಯ ಫ್ರಾಕಿಗೂ ನಾನು ಅಷ್ಟು ಮನಸ್ಸಿಟ್ಟು ನೆರಿಗೆ ಹಾಕಿದ್ದಿಲ್ಲ. ಆ ವರ್ಷ ಶಿಕ್ಷಣ ಕಚೇರಿಯಿಂದ ಒಬ್ಬರು ಆಫೀಸರು ತಪಾಸಣೆಗೆ ಬಂದರು. ಆಗ ಒಂದು ಕಂಪ್ಯೂಟರ್ ರಿಪೇರಿಗೆ ಹೋಗಿತ್ತು. ಲೆಕ್ಕ ತಪ್ಪಿದರೆ ತೊಂದರೆ ಎಂದು ನಮ್ಮ ಪ್ಯೂನ್ ಹಸೈನಾರ್ ಅದರ ಜಾಗದಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು ಮೇಲಿಂದ ಕವರ್ ಹಾಕಿಬಿಟ್ಟಿದ್ದ. ಆಫೀಸರು ಬಂದರು, ನೆರಿಗೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು, ಇಷ್ಟು ಚಂದ ಇಟ್ಟದ್ದನ್ನು ಎತ್ತಿ ಹಾಳು ಮಾಡುವುದು ಬೇಡ ಎಂದು ಐದು ಕವರುಗಳನ್ನು ಎಣಿಸಿ ಹೋದರು. ತಾಲೂಕಿನಲ್ಲೇ ಅತ್ಯುತ್ತಮವಾಗಿ ನಿರ್ವಹಿಸಿದ ಲ್ಯಾಬ್ ಎಂದು ವರದಿ ಬಂತು. ಕವರ್ ಎತ್ತದ ಆ ಆಫೀಸರನ್ನು ನೆನಪಿಟ್ಟುಕೊಳ್ಳಿ, ಅವರು ಮುಂದೆ ಮತ್ತೆ ಬರುತ್ತಾರೆ.

ಆಮೇಲೆ ಫ್ಲಾಪಿಯ ಕಾಲ ಬಂತು. ಮಕ್ಕಳ ಹೆಸರುಗಳನ್ನು ಫ್ಲಾಪಿಯಲ್ಲಿ ಹಾಕಿ ಕಚೇರಿಗೆ ಕೊಡಬೇಕಿತ್ತು. ಫೈಲಿಗೆ ಲಗತ್ತಾಗುವ ಯಾವ ವಸ್ತುವೂ ಫೈಲಿಗೆ ಹೊಲಿದಿರಬೇಕು ಎಂಬುದು ಅಲ್ಲಿನ ಗುಮಾಸ್ತರ ಹಠ. ನಾನು ಫ್ಲಾಪಿಗೊಂದು ಬಟ್ಟೆಯ ಚೀಲ ಮಾಡಿ, ಅದನ್ನು ಫೈಲಿಗೆ ಹೊಲಿದು, ಮೇಲೆ ಬಟನ್ ಹಾಕಿ ಕೊಟ್ಟೆ. ಸುತ್ತಿನ ಏಳೆಂಟು ಶಾಲೆಯವರು ಬಂದು ಅಂಥದ್ದೇ ಹೊಲಿಸಿಕೊಂಡು ಹೋದರು. ಆದರೆ ನಾವು ಕನ್ನಡದಲ್ಲಿ ಟೈಪ್ ಮಾಡಿದ ಹೆಸರುಗಳು ಕಚೇರಿಯ ಕಂಪ್ಯೂಟರಿನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತಿದ್ದವು. ಒಂದು ವರ್ಷ ನಮ್ಮ ಕನ್ನಡ ಮಕ್ಕಳೆಲ್ಲರೂ ಸಾಲಾಗಿ ಚೌಕಗಳಾಗಿಯೇ ಪಾಸಾದರು.

ಆ ಕಾಲದಲ್ಲೇ ಒಂದು ಕಂದು ಬಣ್ಣದ ನಾಯಿಮರಿ ಶಾಲೆಗೆ ಬಂತು. ಶಾಲೆಯಲ್ಲಿ ಫ್ಯಾನು ಇದ್ದದ್ದು ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ. ಮರಿ ಅದನ್ನು ಕಂಡುಕೊಂಡಿತು. ಕಿವಿ ಜೋತು ಬಿದ್ದಿದ್ದಕ್ಕೋ, ಸದಾ ಕಂಪ್ಯೂಟರಿನ ಪಕ್ಕ ಬಿದ್ದಿರುತ್ತಿದ್ದುದಕ್ಕೋ ಮಕ್ಕಳು ಅದಕ್ಕೆ ಫ್ಲಾಪಿ ಎಂದು ಹೆಸರಿಟ್ಟರು. ಹಸೈನಾರ್‌ಗೆ ನಾಯಿ ಮುಟ್ಟಲು ಮನಸ್ಸಿಲ್ಲ, ಆದರೆ ದಿನಾ ಗಂಜಿಯ ಪಾತ್ರೆಯ ತಳ ಕೆರೆದು ಅದರ ತಟ್ಟೆಗೆ ಹಾಕುವವನು ಅವನೇ.

ಸರಕಾರದ ಕಾಗದಗಳ ಕನ್ನಡವೂ ಆಗಲೇ ವಿಚಿತ್ರ ರೂಪ ತಾಳಲು ಶುರುವಾದದ್ದು. ಮಲಯಾಳದ ಸುತ್ತೋಲೆಯ ಲಿಪಿಯನ್ನು ಬದಲಾಯಿಸಿದರೆ ಕನ್ನಡ ಆಗುತ್ತದೆ ಎಂದು ಯಾರೋ ಕಂಡುಹಿಡಿದಿದ್ದರು. ಒಮ್ಮೆ ‘ಕೊನೆಯ ಅವಸರ’ ಎಂಬ ತಲೆಬರಹದ ಸುತ್ತೋಲೆ ಬಂತು. ಐತಪ್ಪ ಮಾಷ್ಟ್ರು ನಮ್ಮನ್ನು ಉಣ್ಣುವಲ್ಲಿಂದ ಎಬ್ಬಿಸಿ, ಜೀಪು ಹಿಡಿಸಿ, ಕಾಗದಗಳೊಂದಿಗೆ ಕಚೇರಿಗೆ ಓಡಿಸಿದರು. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಮಲಯಾಳದಲ್ಲಿ ಅವಸರ ಎಂದರೆ ಅವಕಾಶ. ಅದು ಕೊನೆಯ ಅವಕಾಶ, ಮತ್ತು ಅದಕ್ಕೆ ಇನ್ನೂ ಒಂದು ತಿಂಗಳಿತ್ತು. ಒಂದೇ ಶಬ್ದ ಎರಡು ಭಾಷೆಯಲ್ಲಿ ಎರಡು ಮುಖ ತೋರಿಸುವ ಈ ಊರಿನಲ್ಲಿ ಎಚ್ಚರವಾಗಿರಬೇಕು ಎಂದು ನಾನು ಅವತ್ತೇ ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಇಷ್ಟರಲ್ಲಿ ಪ್ರೊಜೆಕ್ಟರ್ ಬಂತು. ಪಾಠದ ಸಿ.ಡಿ.ಗಳೆಲ್ಲ ಮಲಯಾಳದಲ್ಲಿ. ನಮ್ಮ ಕನ್ನಡ ಟೀಚರು ಗುಲಾಬಿ ಎಂಬವಳು, ನನಗಿಂತ ಎರಡು ವರ್ಷ ಚಿಕ್ಕವಳು, ನನ್ನ ಬುತ್ತಿಯ ಪಾಲುದಾರಳು. ಅವಳು ಸಿ.ಡಿ.ಯ ಶಬ್ದ ನಿಲ್ಲಿಸಿ, ಪರದೆಯ ಪಕ್ಕ ನಿಂತು, ಚಿತ್ರ ಓಡಿದ ಹಾಗೆ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದಳು. ಪರದೆ ನಾನು ಹೊಲಿದದ್ದು. ಒಂದು ದಿನ ತಿಮಿಂಗಿಲದ ಪಾಠದ ನಡುವೆ ಕರೆಂಟು ಹೋಯಿತು. ಗುಲಾಬಿ ನಿಲ್ಲಿಸಲಿಲ್ಲ. ಖಾಲಿ ಪರದೆಯ ಎದುರು ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದರು. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ನನ್ನ ಬಳಿ, ಇವತ್ತಿನ ಸಿನಿಮಾ ಚಂದ ಇತ್ತು ಟೀಚರೆ ಎಂದಳು. ಆ ಗುಲಾಬಿಯ ಕೆಲಸಕ್ಕೆ ಕುತ್ತು ತಂದದ್ದು ನಾನೇ. ಅದು 2009ರಲ್ಲಿ.

ಐತಪ್ಪ ಮಾಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿ, ತೆಂಕಣದ ಜಿಲ್ಲೆಯಿಂದ ಸುಜಾತ ಎಂಬ ಹೆಡ್ಮಿಸ್ಟ್ರೆಸ್ ಬಂದಿದ್ದರು. ಊರಿಗೆ ವರ್ಗ ಬೇಕೆಂದು ಅರ್ಜಿ ಹಾಕಿಯೇ ಇಲ್ಲಿ ಡ್ಯೂಟಿಗೆ ಸೇರಿದವರು. ಕನ್ನಡ ಒಂದಕ್ಷರ ಬಾರದು, ಆದರೆ ಯಾರಿಗೂ ಕೇಡು ಬಯಸುವವರಲ್ಲ. ಆ ವರ್ಷದಿಂದ ಆರನೇ ದಿನದ ಲೆಕ್ಕವನ್ನು ಇಂಟರ್ನೆಟ್ಟಿನಲ್ಲೇ ತುಂಬಿಸಬೇಕು ಎಂದು ಆಜ್ಞೆಯಾಯಿತು. ಕನ್ನಡ ಎಂಟನೇ ಕ್ಲಾಸಿನಲ್ಲಿ ಸರಿಯಾಗಿ ಮೂವತ್ತೊಂದು ಮಕ್ಕಳು. ಒಂದೊಂದು ಹೆಸರಿನ ಎದುರೂ ಮಾಧ್ಯಮ ಯಾವುದೆಂದು ಆರಿಸಬೇಕು. ಮಲಯಾಳ, ಇಂಗ್ಲಿಷ್, ಕನ್ನಡ, ತಮಿಳು ಎಂದು ಒಂದರ ಕೆಳಗೊಂದು ಇರುತ್ತದೆ. ಮೂವತ್ತೊಂದು ಸಲ ಕನ್ನಡ ಎಂದು ಒತ್ತಿದೆ. ಕೊನೆಗೆ ಕಳಿಸಿ, ಬೆರಳುಗಳ ಲಟಿಕೆ ಮುರಿದು, ಮನೆಗೆ ಹೋದೆ.

ಎರಡು ವಾರ ಕಳೆದು ಶಾಲೆಗೆ ಒಂದು ಲಾರಿ ಬಂದು ಪುಸ್ತಕದ ಕಟ್ಟುಗಳನ್ನು ಇಳಿಸಿತು. ಬಿಚ್ಚಿ ನೋಡಿದರೆ ಮೂವತ್ತೊಂದು ಸೆಟ್ ತಮಿಳು ಪಾಠಪುಸ್ತಕ. ಅದರ ಹಿಂದೆಯೇ ಕಚೇರಿಯ ಕಾಗದ ಬಂತು. ನಮ್ಮ ಶಾಲೆಯಲ್ಲಿ ಹೊಸದಾಗಿ ತಮಿಳು ಮಾಧ್ಯಮ ಶುರುವಾದದ್ದಕ್ಕೆ ಸಂತೋಷ, ಎಂಟನೇ ಕನ್ನಡ ಡಿವಿಜನಿನಲ್ಲಿ ಮಕ್ಕಳ ಸಂಖ್ಯೆ ಸೊನ್ನೆ ಆದ್ದರಿಂದ ಕನ್ನಡ ಟೀಚರ ಹುದ್ದೆ ಹೆಚ್ಚುವರಿ, ಆಕ್ಷೇಪಣೆ ಇದ್ದರೆ ಬರುವ ಶುಕ್ರವಾರ ಐದು ಗಂಟೆಯೊಳಗೆ ತಿಳಿಸುವುದು. ಪೈವಳಿಕೆಯ ಗುಡ್ಡದ ಮೇಲೆ ತಮಿಳು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು, ಗುಲಾಬಿಯೂ ನಕ್ಕಳು. ಆಮೇಲೆ ಕಾಗದವನ್ನು ಎರಡನೇ ಸಲ ಓದಿ ‘ಹೆಚ್ಚುವರಿ’ ಎಂಬಲ್ಲಿ ಬೆರಳಿಟ್ಟಳು.

ಸುಜಾತ ಟೀಚರೂ ನಾನೂ ಹಾಜರಿ ಪುಸ್ತಕ ಹೊತ್ತುಕೊಂಡು ಕಚೇರಿಗೆ ಹೋದೆವು. ಅಲ್ಲಿ ಕೂತಿದ್ದವರು ಹಿಂದೊಮ್ಮೆ ನನ್ನ ಕವರು ಎಣಿಸಿ ಹೋಗಿದ್ದ ಆಫೀಸರೇ, ಈಗ ದೊಡ್ಡ ಹುದ್ದೆಗೆ ಏರಿದ್ದರು. ಕಂಪ್ಯೂಟರಿನಲ್ಲಿ ಸೊನ್ನೆ ಇದೆ ಎಂದರು. ನಾವು ಪುಸ್ತಕ ತೋರಿಸಿದೆವು.

“ಇದು ಕೈಯಲ್ಲಿ ಬರೆದದ್ದು ಟೀಚರೆ. ಕೈ ತಪ್ಪುವುದುಂಟು. ಕಂಪ್ಯೂಟರಿಗೆ ಕೈಯೇ ಇಲ್ಲ.”

ಹಾಗಾದರೆ ಮಕ್ಕಳನ್ನೇ ಕರೆದುಕೊಂಡು ಬರುತ್ತೇವೆ, ನೀವೇ ಎಣಿಸಿ ಎಂದೆ. ಮಕ್ಕಳನ್ನು ಸ್ವೀಕರಿಸುವ ವ್ಯವಸ್ಥೆ ಕಚೇರಿಯಲ್ಲಿ ಇಲ್ಲವಂತೆ. ಯಾವುದಾದರೂ ಅಧಿಕೃತ ದಾಖಲೆ ತನ್ನಿ, ಇಲ್ಲವಾದರೆ ಸರಕಾರದ ಸಹಾಯವಾಣಿಗೆ ಫೋನ್ ಮಾಡಿ ಎಂದು ಕಳಿಸಿಕೊಟ್ಟರು.

ಮೂವತ್ತೊಂದು ಕನ್ನಡ ಹೇಗೆ ತಮಿಳಾಯಿತು ಎಂದು ಪತ್ತೆ ಮಾಡಿದವನು ಹಸೈನಾರ್. ನಾನು ಮತ್ತೆ ಕಂಪ್ಯೂಟರಿನ ಎದುರು ಕೂತು ಅವತ್ತು ಮಾಡಿದ್ದನ್ನೇ ಮಾಡಿ ತೋರಿಸುತ್ತಿದ್ದೆ. ಅವನು ಹಿಂದೆ ನಿಂತು ನೋಡಿ ಕೇಳಿದ.

“ನೀವು ಒತ್ತಿ ಆದ ಮೇಲೆ ಆ ಮೌಸಿನ ಚಕ್ರ ಎಂತಕ್ಕೆ ತಿರುಗಿಸುವುದು ಟೀಚರೆ?”

ನಾನು ನನ್ನ ಬೆರಳು ನೋಡಿದೆ. ಹೊಲಿಗೆಯ ಸಾಲು ಮುಗಿದ ಮೇಲೆ ಮಿಷನಿನ ಚಕ್ರವನ್ನು ಕೈಯಿಂದ ಸ್ವಲ್ಪ ತಿರುಗಿಸಿ ಸೂಜಿ ಮೇಲೆತ್ತಬೇಕು. ಇಲ್ಲವಾದರೆ ಬಟ್ಟೆ ಎಳೆದಾಗ ಸೂಜಿ ಮುರಿಯುತ್ತದೆ. ಇದನ್ನು ನಾನು ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ಮೌಸಿನ ನಡುವಿನ ಪುಟ್ಟ ಚಕ್ರವನ್ನೂ ಪ್ರತಿ ಹೆಸರಿನ ಕೊನೆಗೆ ಹಾಗೆಯೇ ಒಂದು ಸುತ್ತು ತಿರುಗಿಸಿದ್ದೆ. ಒಂದು ತಿರುವಿಗೆ ಕನ್ನಡ ಒಂದು ಮೆಟ್ಟಿಲು ಕೆಳಗಿಳಿದು ತಮಿಳಾಗುತ್ತಿತ್ತು. ಮೂವತ್ತೊಂದು ಸಲ, ಒಂದನ್ನೂ ಬಿಡದೆ, ಅಚ್ಚುಕಟ್ಟಾಗಿ.

ನನಗೆ ಆ ದಿನ ಊಟ ಸೇರಲಿಲ್ಲ. ಗುಲಾಬಿಯ ಎದುರು ಬುತ್ತಿ ಬಿಚ್ಚಿ ಕೂತು, ನಿನ್ನ ಕೆಲಸ ಹೋಗುವುದಾದರೆ ಅದು ನನ್ನ ಬೆರಳಿನಿಂದ ಎಂದು ಹೇಳಿದೆ. ಅವಳು ಬಯ್ಯಬಹುದಿತ್ತು. ನನ್ನ ತಟ್ಟೆಗೆ ಒಂದು ಚೂರು ಉಪ್ಪಿನಕಾಯಿ ಹಾಕಿ, ಆಗಬೇಕಾದ್ದು ಆಗುತ್ತದೆ, ಉಣ್ಣಿ ಎಂದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸುಜಾತ ಟೀಚರು ರಜೆಯಲ್ಲಿ ಊರಿಗೆ ಹೋಗಿದ್ದರು. ಸಹಾಯವಾಣಿಗೆ ನಾನೇ ಫೋನ್ ಮಾಡಬೇಕಾಯಿತು. ನನ್ನ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಪಾಠದ ಮಾತು ಕನ್ನಡ. ಮಲಯಾಳ ಬರುತ್ತದೆ, ಆದರೆ ಗಾಬರಿಯಾದರೆ ಕನ್ನಡದ ಶಬ್ದಗಳಿಗೆ ಮಲಯಾಳದ ಬಾಲ ಹಚ್ಚಿ ಓಡಿಸುವುದು ನನ್ನ ರೂಢಿ. ಫೋನ್ ಎತ್ತಿದ ಹುಡುಗನಿಗೆ ಹೇಳಿದೆ, “ಸಾರೇ, ಮಕ್ಕಳುಡೆ ಪಟ್ಟಿ ಕಾಣುನ್ನಿಲ್ಲ.”

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಮ್ಮ ಪಟ್ಟಿಗೆ ಅವರು ಪಟ್ಟಿಕ ಎನ್ನುತ್ತಾರೆ. ಇದು ನಮ್ಮೂರಿನ ಬಾಲವಾಡಿಯ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದಾಗ ನೆನಪಿಗೆ ಬರಬೇಕಲ್ಲ. ಮಕ್ಕಳ ನಾಯಿ ಕಾಣುತ್ತಿಲ್ಲ ಎಂದು ಆ ಹುಡುಗನಿಗೆ ಕೇಳಿಸಿತು. ಅವನು ಮರ್ಯಾದೆಯಿಂದಲೇ ವಿವರ ಕೇಳಿದ. ನಾನು ಬಿಡಿಸಿ ಹೇಳಿದೆ. ಪಟ್ಟಿಯ ಒಳಗೆ ಮೂವತ್ತೊಂದು ಮಕ್ಕಳಿದ್ದರು, ಈಗ ಒಬ್ಬರೂ ಉಳಿದಿಲ್ಲ, ಎಲ್ಲ ಹೋಯಿತು, ಇವತ್ತೇ ಏನಾದರೂ ಮಾಡಬೇಕು. ಆ ಕಡೆಯಿಂದ ಬರೆದುಕೊಳ್ಳುವ ಸದ್ದು ಕೇಳಿಸಿತು.

“ಒರು ಪಟ್ಟಿ, ಮುಪ್ಪತ್ತೊನ್ನು ಕುಟ್ಟಿಗಳ್. ಅಲ್ಲೇ ಟೀಚರೇ?” ಎಂದ. ಒಂದು ನಾಯಿ, ಮೂವತ್ತೊಂದು ಮಕ್ಕಳು, ಅಲ್ಲವೇ ಎಂದು.

ನಾನು ಹೌದು ಹೌದು ಎಂದೆ. ಮಕ್ಕಳು ಈಗ ಹೇಗಿದ್ದಾರೆ ಎಂದು ಕೇಳಿದ. ಕ್ಲಾಸಿನಲ್ಲಿ ಕೂತು ಪಾಠ ಕೇಳುತ್ತಿದ್ದಾರೆ ಎಂದೆ. ಕ್ಲಾಸಿನಲ್ಲಿ ಕೂರಿಸಿದ್ದೀರಾ ಎಂದು ಅವನು ಹೌಹಾರಿದ. ಸರಕಾರದಲ್ಲಿ ಇಷ್ಟು ಕರುಳಿರುವ ಹುಡುಗರೂ ಇದ್ದಾರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

ಎರಡು ಗಂಟೆಯ ಹೊತ್ತಿಗೆ ಗುಡ್ಡದ ದಾರಿಯಲ್ಲಿ ಎರಡು ಜೀಪು ಹತ್ತಿಕೊಂಡು ಬಂತು. ಮೊದಲನೆಯದರಿಂದ ಒಬ್ಬ ಹೆಲ್ತ್ ಇನ್ಸ್‌ಪೆಕ್ಟರು, ಇಬ್ಬರು ನರ್ಸು, ಐಸ್ ತುಂಬಿದ ಪೆಟ್ಟಿಗೆ, ಬಲೆ ಹಿಡಿದ ಇಬ್ಬರು ಗಂಡಸರು ಇಳಿದರು. ಎರಡನೆಯದರಿಂದ ನಮ್ಮ ಆಫೀಸರು. ಒಂದೇ ಶಾಲೆಯಲ್ಲಿ ಹುಚ್ಚು ನಾಯಿ ಮೂವತ್ತೊಂದು ಮಕ್ಕಳನ್ನು ಕಡಿದಿದೆ ಎಂದು ಅವರಿಗೆ ಮೇಲಿಂದ ಫೋನ್ ಬಂದಿತ್ತು. ಮುಖ ಬೆಳ್ಳಗಾಗಿತ್ತು. ಎಲ್ಲಿ ಆ ಮಕ್ಕಳು ಎಂದು ಕೇಳಿದರು. ನನಗೆ ಆಗ ಪಟ್ಟಿಯ ಮಲಯಾಳ ಅರ್ಥ ನೆನಪಾಯಿತು. ಆದರೆ ಬಾಯಿಂದ ಬೇರೆಯೇ ಮಾತು ಬಂತು. ಎಂಟನೇ ಕನ್ನಡ ಡಿವಿಜನಿನವರು ಸಾರ್, ಎಲ್ಲರೂ ಹಾಜರಿದ್ದಾರೆ ಎಂದೆ.

ಬಲೆಯವರು ನಾಯಿ ಹುಡುಕತೊಡಗಿದರು. ಹಸೈನಾರ್ ಸದ್ದಿಲ್ಲದೆ ಕಂಪ್ಯೂಟರ್ ಕೋಣೆಗೆ ಹೋದವನು ಸದ್ದಿಲ್ಲದೆ ಬಂದು ನನ್ನ ಪಕ್ಕ ನಿಂತ. ಫ್ಲಾಪಿ ಎಲ್ಲಿ ಎಂದು ಕಣ್ಣಿನಲ್ಲೇ ಕೇಳಿದೆ.

“ಮೇಜಿನ ಮೇಲೆ ಉಂಟು, ಕವರಿನ ಒಳಗೆ,” ಎಂದ ಪಿಸುಮಾತಿನಲ್ಲಿ. ಹುಟ್ಟಿದಂದಿನಿಂದ ನಾಯಿ ಮುಟ್ಟದವನು ಅವತ್ತು ಅದನ್ನು ಎತ್ತಿ ಕೂರಿಸಿದ್ದ.

ಬಲೆಯವರ ಜೊತೆಗೆ ಆಫೀಸರೂ ಆ ಕೋಣೆಯ ಬಾಗಿಲಲ್ಲಿ ಇಣುಕಿದರು. ಐದು ನೀಲಿ ಕವರು ಸಾಲಾಗಿದ್ದವು. ಮೂರನೆಯದು ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕವರನ್ನು ಈಗಲೂ ಚಂದ ಇಟ್ಟಿದ್ದೀರಿ ಎಂದರು ಆಫೀಸರು. ಉಬ್ಬಿಳಿಯುವುದನ್ನು ನೋಡಿ, ಫ್ಯಾನಿನ ಗಾಳಿ ಜೋರಿದೆ ಎಂದೂ ಹೇಳಿದರು. ಶಾಲೆಯಲ್ಲಿ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ.

ಇತ್ತ ಗುಲಾಬಿಯ ಕ್ಲಾಸಿನಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ಕೈ, ಕಾಲು, ಬೆನ್ನು ಪರೀಕ್ಷೆ ಶುರುವಾಯಿತು. ಒಬ್ಬರ ಮೈಮೇಲೂ ಗಾಯವಿಲ್ಲ. ಇನ್ಸ್‌ಪೆಕ್ಟರಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಬಂದದ್ದಕ್ಕೆ ವರದಿ ಬರೆಯಲೇಬೇಕಲ್ಲ. ಹೆಸರು, ಕ್ಲಾಸು, ಮಾಧ್ಯಮ ಬರೆದು ಎದುರಿಗೆ ‘ಕಡಿತವಿಲ್ಲ’ ಎಂದು ಬರೆಯುತ್ತಾ ಹೋದರು. ನಾಯಿಯ ಹೆಸರು ಕೇಳಿದರು, ಮಕ್ಕಳೆಲ್ಲ ಒಂದೇ ಸ್ವರದಲ್ಲಿ ಫ್ಲಾಪಿ ಎಂದರು. ಅದನ್ನೂ ಬರೆದರು. ನಾನು ಹಿಂದೆ ನಿಂತು ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಇದು ಅಧಿಕೃತ ದಾಖಲೆ. ಸೀಲು ಬೀಳುವ ದಾಖಲೆ. ಗಂಟೆ ಮೂರೂವರೆ ಆಗಿತ್ತು.

ಮೂವತ್ತೊಂದನೆಯವಳ ಕಣಕಾಲಿನ ಮೇಲೆ ಉದ್ದಕ್ಕೆ ಕೆಂಪು ಗೀರು ಇತ್ತು. ಅವಳೇ ರಮ್ಯಾ, ಈಗ ಫೋನ್ ಮಾಡಿದವಳು. ಇನ್ಸ್‌ಪೆಕ್ಟರ ಕೈ ನಿಂತಿತು. ಇದು ನಾಯಿಯದ್ದೇ ಎಂದರು. ಬೇಲಿಯ ತಂತಿ ಗೀರಿದ್ದು ಎಂದು ಅವಳು ಅಳುತ್ತಾ ಹೇಳಿದಳು. ಕಚ್ಚಿದ್ದಾದರೆ ಅವಳ ಹೆಸರು ಇನ್ನೊಂದು ಹಾಳೆಗೆ ಹೋಗಬೇಕು, ಅದು ಆರೋಗ್ಯ ಇಲಾಖೆಯದ್ದು, ಈ ಹಾಳೆಯಲ್ಲಿ ಮೂವತ್ತೇ ಇರಲಿ ಎಂದರು ನಮ್ಮ ಆಫೀಸರು. ಗುಲಾಬಿ ನನ್ನ ಮುಖ ನೋಡಿದಳು. ಮೂವತ್ತು ಎಂದರೆ ಏನೆಂದು ಆ ಕೋಣೆಯಲ್ಲಿ ಆಗ ನಮ್ಮಿಬ್ಬರಿಗೆ ಮಾತ್ರ ನೆನಪಿತ್ತು.

ನಾನು ರಮ್ಯಾಳ ಎದುರು ಮೊಣಕಾಲೂರಿ ಕೂತು ಗಾಯ ಬಿಟ್ಟು ಲಂಗ ನೋಡಿದೆ. ನಾನೇ ಹೊಲಿದ ಯೂನಿಫಾರ್ಮು. ಅಂಚಿನಲ್ಲಿ ಮೂರು ಬೆರಳಿನಷ್ಟು ಬಟ್ಟೆ ಹರಿದು ಹೋಗಿತ್ತು. ಹೋದ ಬಟ್ಟೆ ಎಲ್ಲಿಯಾದರೂ ಇರಬೇಕಲ್ಲ. ಮೆಟ್ಟಿಲಿಳಿದು, ಮಕ್ಕಳು ಅಡ್ಡದಾರಿ ಹಿಡಿಯುವ ಬೇಲಿಯ ತನಕ ಓಡಿದೆ. ಆ ವಯಸ್ಸಿನಲ್ಲಿ ನಾನು ಓಡಿದ್ದನ್ನು ನೋಡಿ ಮಲಯಾಳ ವಿಭಾಗದ ಮಕ್ಕಳು ಕಿಟಕಿಯಲ್ಲಿ ತುಂಬಿದರು. ತಂತಿಯ ಮುಳ್ಳಿನಲ್ಲಿ ಚೂರು ಸಿಕ್ಕಿಕೊಂಡಿತ್ತು. ತಂದು ಎಲ್ಲರ ಎದುರು ಲಂಗದ ಹರಿದ ಅಂಚಿಗೆ ಇಟ್ಟೆ. ಎಳೆಗೆ ಎಳೆ ಕೂಡಿತು. ಅರ್ಧಕ್ಕೆ ತುಂಡಾದ ನನ್ನ ಹೊಲಿಗೆಯ ಸಾಲು ಆ ಬದಿಯಿಂದ ಈ ಬದಿಗೆ ನೇರವಾಗಿ ಬಂದು ಸೇರಿತು.

“ನಾಯಿ ಕಚ್ಚಿದ್ದಾದರೆ ಬಟ್ಟೆಯಲ್ಲಿ ತೂತು ಆಗಬೇಕು ಸಾರ್. ಇದು ತಂತಿ ಎಳೆದದ್ದು. ಕಂಪ್ಯೂಟರಿನ ವಿಷಯದಲ್ಲಿ ನನ್ನನ್ನು ನಂಬಬೇಡಿ, ಬಟ್ಟೆಯ ವಿಷಯದಲ್ಲಿ ನಂಬಿ.”

ಇನ್ಸ್‌ಪೆಕ್ಟರು ಚೂರನ್ನು ತಿರುಗಿಸಿ ಮುರುಗಿಸಿ ನೋಡಿ ಮೂವತ್ತೊಂದನೇ ಹೆಸರು ಬರೆದರು. ಕಡಿತವಿಲ್ಲ. ಕೆಳಗೆ ಸೀಲು ಹಾಕಿದರು. ಸ್ಥಳದಲ್ಲಿದ್ದ ಮೇಲಧಿಕಾರಿ ಎಂದು ನಮ್ಮ ಆಫೀಸರ ಸಹಿಯನ್ನೂ ತೆಗೆದುಕೊಂಡರು. ಹಾಳೆಯ ತಲೆಬರಹ ಮಲಯಾಳದಲ್ಲಿ ಹೀಗಿತ್ತು: ಪಟ್ಟಿ ಕಡಿಕ್ಕಾತ್ತ ಕುಟ್ಟಿಗಳುಡೆ ಪಟ್ಟಿಕ. ನಾಯಿ ಕಚ್ಚದ ಮಕ್ಕಳ ಪಟ್ಟಿ. ನಮ್ಮ ಕನ್ನಡದಲ್ಲಿ ಓದಿದರೆ, ಪಟ್ಟಿ ಕಚ್ಚದ ಮಕ್ಕಳ ಪಟ್ಟಿ.

ಸೀಲಿನ ಶಾಯಿ ಆರುವ ಮೊದಲೇ ಅದರ ಕಾರ್ಬನ್ ಪ್ರತಿಯನ್ನು ನಾನು ಆಫೀಸರ ಕೈಗೆ ಕೊಟ್ಟೆ. ಎಂಟನೇ ಕನ್ನಡ ಡಿವಿಜನಿನಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ ಎಂಬುದಕ್ಕೆ ಅಧಿಕೃತ ದಾಖಲೆ ಇದು, ನಿಮ್ಮದೇ ಸಹಿ, ಐದು ಗಂಟೆಗೆ ಇನ್ನೂ ಒಂದು ಗಂಟೆ ಇದೆ ಎಂದೆ. ಅವರು ಬಹಳ ಹೊತ್ತು ಓದಿದರು.

“ಎಂತ ಟೀಚರೆ, ಬೇರೆ ಇಲಾಖೆಯ ಸೀಲು ಬಿದ್ದದ್ದನ್ನು ಸುಳ್ಳು ಅಂತ ಹೇಳಲಿಕ್ಕೆ ನನಗೆ ಅಧಿಕಾರ ಇಲ್ಲವಲ್ಲ,” ಎಂದು ನಿಟ್ಟುಸಿರು ಬಿಟ್ಟರು. ಡಿವಿಜನ್ ಉಳಿಯಿತು. ಸಂಜೆ ಎಲ್ಲರೂ ಹೋದ ಮೇಲೆ ಗುಲಾಬಿ ನನ್ನ ಹೊಲಿಗೆ ಮಿಷನಿನ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ಫ್ಲಾಪಿ ಕವರಿನಿಂದ ಹೊರಗೆ ಬಂದು, ಮೈ ಕೊಡವಿ, ಮಧ್ಯಾಹ್ನದ ಗಂಜಿಗೆ ಹಸೈನಾರ್‌ನ ಹಿಂದೆ ಹೋಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಸರಕಾರದಲ್ಲಿ ಯಾವುದೂ ಮುಗಿಯುವುದಿಲ್ಲ. ಮರುವರ್ಷ ಜೂನಿನಲ್ಲಿ ಕಚೇರಿಯಿಂದ ಕಾಗದ ಬಂತು. ಕಳೆದ ವರ್ಷ ಕನ್ನಡ ಡಿವಿಜನನ್ನು ಯಾವ ದಾಖಲೆಯ ಆಧಾರದಲ್ಲಿ ಮಂಜೂರು ಮಾಡಲಾಯಿತೋ ಅದೇ ದಾಖಲೆಯನ್ನು ಈ ವರ್ಷವೂ ಹಾಜರುಪಡಿಸುವುದು. ನಾವು ಹಾಜರುಪಡಿಸಿದೆವು. ಪ್ರತಿ ವರ್ಷ ಆರನೇ ದಿನ ನಾಯಿ ಕಚ್ಚದ ಮಕ್ಕಳ ಪಟ್ಟಿ ಹೋಯಿತು. ಆಮೇಲೆ ಎಲ್ಲ ದಾಖಲೆಗಳನ್ನೂ ಕಂಪ್ಯೂಟರಿಗೆ ಏರಿಸುವ ಸುಧಾರಣೆ ಬಂದಾಗ ನಮ್ಮ ಹಾಳೆಯೂ ಏರಿತು, ಅದರ ಕಾಲಂಗಳೂ ಏರಿದವು. ರಮ್ಯಾಳ ಎದುರಿಗೆ ತೆರೆದುಕೊಂಡಿದ್ದದ್ದು ಅದು. ಗುಲಾಬಿ ನನಗಿಂತ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದಳು. ರಮ್ಯಾ ಕೂತಿದ್ದ ಕುರ್ಚಿ ಗುಲಾಬಿಯದ್ದು.

“ಫ್ಲಾಪಿ ಅಂತ ಬರೆ,” ಎಂದೆ ನಾನು ಫೋನಿನಲ್ಲಿ.

“ಅದು ನಾನು ಹತ್ತನೇಯಲ್ಲಿ ಇರುವಾಗಲೇ ಸತ್ತಿದೆಯಲ್ಲ ಟೀಚರೆ. ನಾವೇ ಗುಂಡಿ ತೋಡಿದ್ದು.”

“ಅದು ಕಂಪ್ಯೂಟರಿಗೆ ಗೊತ್ತಿಲ್ಲ. ಬರೆ. ಬರೆದು ಆದ ಮೇಲೆ ಚಕ್ರ ಮುಟ್ಟಬೇಡ.”

ಅವಳು ಬರೆದಳು. ಪುಟ ತೆರೆಯಿತು. ಎಂಟನೇ ಬಿ, ಕನ್ನಡ ಮಾಧ್ಯಮ, ಮೂವತ್ತೆರಡು ಎಂದು ಓದಿ ಹೇಳಿದಳು. ಆದರೂ ನನಗೆ ಮನಸ್ಸು ಕೇಳಲಿಲ್ಲ. ಒಮ್ಮೆ ಕ್ಲಾಸಿಗೆ ಹೋಗಿ ತಲೆ ಎಣಿಸು ಮಗಾ ಎಂದೆ. ಅವಳು ಫೋನ್ ಕಟ್ ಮಾಡದೆ, ಕೈಯಲ್ಲಿ ಹಿಡಿದುಕೊಂಡೇ ಹೋದಳು. ಜಗಲಿಯಲ್ಲಿ ಅವಳ ಚಪ್ಪಲಿಯ ಸದ್ದು, ಬಾಗಿಲು, ಮಕ್ಕಳ ಗಲಾಟೆ, ಆಮೇಲೆ ಒಬ್ಬೊಬ್ಬರ ತಲೆಯ ಮೇಲೆ ಕೈಯಿಡುತ್ತಾ ಅವಳು ಎಣಿಸುವುದು ಕೇಳಿಸಿತು. ಮೂವತ್ತೊಂದು ಎಂದಾಗ ನನ್ನ ಉಸಿರು ಸಡಿಲವಾಯಿತು. ಮೂವತ್ತೆರಡನ್ನೂ ಕೇಳಿಯೇ ಫೋನ್ ಇಟ್ಟೆ.